ಬಲ, ಚಲನೆ, ವೇಗೋತ್ಕರ್ಷ: ಶಾಲೆಯ ಭೌತವಿಜ್ಞಾನವನ್ನು ಯಾವ ಕ್ರಮದಲ್ಲಿ ಕಲಿಯಬೇಕು

ಒಂದು ಕಲ್ಲನ್ನು ನೇರವಾಗಿ ಮೇಲಕ್ಕೆ ಎಸೆದಿದ್ದೀರಿ ಎಂದುಕೊಳ್ಳಿ. ಅದು ಕೈಬಿಟ್ಟು ಇನ್ನೂ ಮೇಲೇರುತ್ತಿರುವ ಹೊತ್ತಿನಲ್ಲಿ ಅದರ ಮೇಲೆ ವರ್ತಿಸುತ್ತಿರುವ ಬಲಗಳನ್ನೆಲ್ಲ ಬಾಣದ ಗುರುತಿನಿಂದ ತೋರಿಸಿ ಎಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿದರೆ, ಬಹಳ ಮಂದಿ ಎರಡು ಬಾಣಗಳನ್ನು ಬರೆಯುತ್ತಾರೆ. ಕೆಳಮುಖವಾಗಿ ಗುರುತ್ವ ಬಲ, ಮೇಲ್ಮುಖವಾಗಿ ‘ಎಸೆದ ಬಲ’. ಎರಡನೆಯ ಬಾಣ ತಪ್ಪು. ಕೈಯ ಸ್ಪರ್ಶ ತಪ್ಪಿದ ಕ್ಷಣದಲ್ಲೇ ಕೈ ಕೊಡುತ್ತಿದ್ದ ಬಲ ಮುಗಿದುಹೋಯಿತು. ಆಮೇಲೆ ಉಳಿದದ್ದು ಗುರುತ್ವ, ಮತ್ತು ಲೆಕ್ಕಕ್ಕೆ ಬಾರದಷ್ಟು ಅಲ್ಪವಾದ ಗಾಳಿಯ ತಡೆ, ಇಷ್ಟೇ. ಈ ಒಂದು ತಪ್ಪಿನ ಬೇರು ಆಳಕ್ಕೆ ಇಳಿದಿದೆ. ವಸ್ತು ಚಲಿಸುತ್ತಿದ್ದರೆ ಅದನ್ನು ಯಾವುದೋ ಬಲ ಆ ದಿಕ್ಕಿಗೆ ತಳ್ಳುತ್ತಲೇ ಇರಬೇಕು ಎಂಬ ನಂಬಿಕೆಯೇ ಆ ಬೇರು. ಸೂತ್ರಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ಅದು ಹೋಗುವುದಿಲ್ಲ. ಪಾಠವನ್ನು ಸರಿಯಾದ ಕ್ರಮದಲ್ಲಿ ಕಟ್ಟಿಕೊಂಡರೆ ಮಾತ್ರ ಹೋಗುತ್ತದೆ. ಆ ಕ್ರಮವನ್ನು ವಿದ್ಯಾರ್ಥಿಗಳಿಗೂ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಹಿರಿಯರಿಗೂ ಅನುಕೂಲವಾಗುವಂತೆ ಇಲ್ಲಿ ವಿವರಿಸಿದ್ದೇನೆ.

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳಿ

ದಿನನಿತ್ಯದ ಮಾತಿನಲ್ಲಿ ಬಲ, ಶಕ್ತಿ, ಒತ್ತಡ, ಸಾಮರ್ಥ್ಯ ಎಂಬ ಪದಗಳನ್ನು ನಾವು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತೇವೆ. ಭೌತವಿಜ್ಞಾನದಲ್ಲಿ ಇವು ನಾಲ್ಕು ಬೇರೆ ಬೇರೆ ಪರಿಮಾಣಗಳು. ಬಲವನ್ನು ನ್ಯೂಟನ್‌ನಲ್ಲಿ, ಶಕ್ತಿಯನ್ನು ಜೌಲ್‌ನಲ್ಲಿ, ಒತ್ತಡವನ್ನು ಪ್ಯಾಸ್ಕಲ್‌ನಲ್ಲಿ, ಸಾಮರ್ಥ್ಯವನ್ನು ವ್ಯಾಟ್‌ನಲ್ಲಿ ಅಳೆಯುತ್ತಾರೆ. ‘ಚೆಂಡಿನಲ್ಲಿ ಬಲವಿದೆ’ ಎಂಬ ವಾಕ್ಯ ಮಾತಿನಲ್ಲಿ ಸರಿಯೆನಿಸಿದರೂ ಪಾಠದಲ್ಲಿ ಸರಿಯಲ್ಲ, ಏಕೆಂದರೆ ಬಲವು ಒಂದು ವಸ್ತುವಿನೊಳಗೆ ತುಂಬಿಟ್ಟುಕೊಳ್ಳುವಂಥದ್ದಲ್ಲ. ಅದು ಒಂದು ವಸ್ತು ಇನ್ನೊಂದರ ಮೇಲೆ ಹಾಕುವ ತಳ್ಳುವಿಕೆ ಅಥವಾ ಎಳೆತ.

ಇನ್ನೊಂದು ಜೋಡಿ ಜವ ಮತ್ತು ವೇಗ. ಎಷ್ಟು ಬೇಗ ಎಂಬುದಷ್ಟನ್ನೇ ಜವ ಹೇಳುತ್ತದೆ. ಎಷ್ಟು ಬೇಗ ಮತ್ತು ಯಾವ ದಿಕ್ಕಿಗೆ ಎಂಬ ಎರಡನ್ನೂ ಒಟ್ಟಿಗೆ ಹೇಳುವುದು ವೇಗ. ಹಾಗೆಯೇ ನಡೆದ ಒಟ್ಟು ಹಾದಿ ದೂರವಾದರೆ, ಹೊರಟಲ್ಲಿಂದ ತಲುಪಿದಲ್ಲಿಗೆ ಎಳೆದ ನೇರ ಗೆರೆ ಸ್ಥಾನಪಲ್ಲಟ. ಮನೆಯಿಂದ ಅಂಗಡಿಗೆ 300 ಮೀಟರ್ ಹೋಗಿ ಅದೇ ದಾರಿಯಲ್ಲಿ ಮರಳಿ ಬಂದವರ ದೂರ 600 ಮೀಟರ್, ಸ್ಥಾನಪಲ್ಲಟ ಸೊನ್ನೆ. ಈ ವಿಚಾರಕ್ಕೆ ಇಷ್ಟು ಸಾಕು. ಇದರ ಮೇಲೆ ವಾರಗಟ್ಟಲೆ ಕಾಲ ಕಳೆಯಬೇಕಾಗಿಲ್ಲ.

ಏಕಮಾನಗಳನ್ನು ಬದಲಿಸುವ ಅಭ್ಯಾಸವನ್ನು ಮಾತ್ರ ಕೈಗೂಡಿಸಿಕೊಳ್ಳಬೇಕು. ಗಂಟೆಗೆ ಕಿಲೋಮೀಟರ್‌ನಲ್ಲಿ ಕೊಟ್ಟ ಸಂಖ್ಯೆಯನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಮೀಟರ್‌ನಲ್ಲಿ ಉತ್ತರ ಬರುತ್ತದೆ. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್, 36 ಎಂದರೆ 10, 54 ಎಂದರೆ 15, 72 ಎಂದರೆ 20. ಈ ನಾಲ್ಕು ನೆನಪಿದ್ದರೆ ಪರೀಕ್ಷೆಯ ಹೆಚ್ಚಿನ ಲೆಕ್ಕಗಳು ಹಗುರವಾಗುತ್ತವೆ.

ವೇಗೋತ್ಕರ್ಷಕ್ಕೆ ಸಮಯ ಕೊಡಿ

ಇಡೀ ಪಾಠದ ಬಾಗಿಲು ಇಲ್ಲಿದೆ. ವೇಗ ಮತ್ತು ಉತ್ಕರ್ಷ ಎಂಬ ಎರಡು ಪದಗಳು ಸೇರಿ ವೇಗೋತ್ಕರ್ಷವಾಗಿದೆ. ಉತ್ಕರ್ಷ ಎಂದರೆ ಏಳಿಗೆ, ಹೆಚ್ಚಳ. ಹೀಗಾಗಿ ಪದವೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ. ವೇಗ ಹೆಚ್ಚಿದರೆ ಮಾತ್ರ ವೇಗೋತ್ಕರ್ಷ ಎಂದು ಅವರು ತಿಳಿಯುತ್ತಾರೆ. ಭೌತವಿಜ್ಞಾನದಲ್ಲಿ ಅದರ ಅರ್ಥ ವೇಗ ಬದಲಾಗುವ ದರ. ಹೆಚ್ಚುವುದೂ ಬದಲಾವಣೆ, ಕುಗ್ಗುವುದೂ ಬದಲಾವಣೆ, ಜವ ಹಾಗೆಯೇ ಉಳಿದು ದಿಕ್ಕು ತಿರುಗುವುದೂ ಬದಲಾವಣೆ. ಘಾಟಿಯ ತಿರುವಿನಲ್ಲಿ ಬಸ್ಸಿನ ಮುಳ್ಳು ಗಂಟೆಗೆ 30 ಕಿ.ಮೀ.ಯಲ್ಲೇ ನಿಂತಿದ್ದರೂ ಬಸ್ಸಿಗೆ ವೇಗೋತ್ಕರ್ಷವಿದೆ. ಇದನ್ನು ಒಪ್ಪಿಕೊಂಡವರಿಗೆ ಮುಂದಿನ ಪಾಠವೆಲ್ಲ ಸಲೀಸು.

ನಿಲ್ದಾಣದಿಂದ ಹೊರಟ ಬಸ್ಸು 8 ಸೆಕೆಂಡುಗಳಲ್ಲಿ ಗಂಟೆಗೆ 36 ಕಿ.ಮೀ. ವೇಗ ತಲುಪಿತು ಎನ್ನಿ. ವೇಗದ ಬದಲಾವಣೆ ಸೆಕೆಂಡಿಗೆ 10 ಮೀಟರ್, ತೆಗೆದುಕೊಂಡ ಕಾಲ 8 ಸೆಕೆಂಡು, ಆದ್ದರಿಂದ ವೇಗೋತ್ಕರ್ಷ 10ನ್ನು 8ರಿಂದ ಭಾಗಿಸಿದಾಗ ಬರುವ 1.25. ಇದರ ಏಕಮಾನವನ್ನು ‘ಮೀಟರ್ ಪ್ರತಿ ಸೆಕೆಂಡಿನ ವರ್ಗ’ ಎಂದು ಓದಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ, ಏಕೆಂದರೆ ಸೆಕೆಂಡಿನ ವರ್ಗವನ್ನು ಯಾರೂ ಕಂಡಿಲ್ಲ. ಅದನ್ನು ಬಿಡಿಸಿ ಓದಬೇಕು: ಪ್ರತಿಯೊಂದು ಸೆಕೆಂಡು ಕಳೆದಂತೆ ಬಸ್ಸಿನ ವೇಗಕ್ಕೆ ಸೆಕೆಂಡಿಗೆ 1.25 ಮೀಟರ್‌ನಷ್ಟು ವೇಗ ಸೇರುತ್ತಿದೆ. ಒಂದನೇ ಸೆಕೆಂಡಿನ ಕೊನೆಗೆ 1.25, ಎರಡನೆಯದರ ಕೊನೆಗೆ 2.5, ಮೂರನೆಯದರ ಕೊನೆಗೆ 3.75. ಈ ಎಂಟು ಸೆಕೆಂಡುಗಳಲ್ಲಿ ಸರಾಸರಿ ವೇಗ 5 ಆದ್ದರಿಂದ ಬಸ್ಸು ಸಾಗಿದ ದೂರ 40 ಮೀಟರ್. ಸರಾಸರಿಯ ಈ ದಾರಿ ತಿಳಿದವರಿಗೆ ಚಲನೆಯ ಮೂರು ಸಮೀಕರಣಗಳು ಎಲ್ಲಿಂದ ಬಂದವು ಎಂಬುದು ತಾನಾಗಿ ಗೊತ್ತಾಗುತ್ತದೆ.

ಗೋಲಿಯೊಂದಿಗೆ ಒಂದು ಸಂಜೆ

ಓದಿದ್ದನ್ನು ಕಿವಿಯಿಂದ ಕೇಳಿಸಿಕೊಳ್ಳುವ ಒಂದು ಪ್ರಯೋಗವಿದೆ. ಇದನ್ನು ಮಾಡದೆ ಮುಂದಿನ ಹಂತಕ್ಕೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸುಮಾರು 2 ಮೀಟರ್ ಉದ್ದದ ಅಲ್ಯೂಮಿನಿಯಂ ಚಾನೆಲ್ಲನ್ನೋ, ಉದ್ದಕ್ಕೂ ಕಾಲುವೆಯಂತೆ ಕೊರೆದಿರುವ ಮರದ ಪಟ್ಟಿಯನ್ನೋ ನೆಲದ ಮೇಲಿಟ್ಟು, ಒಂದು ತುದಿಯ ಕೆಳಗೆ ಪುಸ್ತಕಗಳನ್ನು ಇಟ್ಟು ಐದಾರು ಸೆಂಟಿಮೀಟರ್ ಎತ್ತರಿಸಿ. ಗೋಲಿಯನ್ನು ಬಿಡುವ ಜಾಗದಿಂದ 10, 40, 90 ಮತ್ತು 160 ಸೆಂಟಿಮೀಟರ್ ದೂರಗಳಲ್ಲಿ ಕಾಲುವೆಗೆ ಅಡ್ಡಲಾಗಿ ತೆಳುವಾದ ದಾರವನ್ನು ಕಟ್ಟಿ. ಗೋಲಿ ದಾರವನ್ನು ದಾಟುವಾಗ ಸಣ್ಣಗೆ ‘ಟಕ್’ ಎನ್ನಬೇಕು, ಆದರೆ ನಿಲ್ಲಬಾರದು.

ಈಗ ಗೋಲಿಯನ್ನು ತಳ್ಳದೆ ಕೈಬಿಡಿ. ದಾರಗಳ ನಡುವಿನ ಅಂತರ ಒಂದಕ್ಕಿಂತ ಒಂದು ದೊಡ್ಡದಾಗಿದ್ದರೂ ಟಕ್ ಎಂಬ ಸದ್ದುಗಳು ತಾಳ ಹಾಕಿದ ಹಾಗೆ ಸಮನಾದ ಅಂತರದಲ್ಲಿ ಕೇಳಿಸುತ್ತವೆ. ಮೊದಲ ತಾಳದಲ್ಲಿ ಗೋಲಿ 10 ಸೆಂ.ಮೀ. ಸಾಗಿದೆ, ಎರಡನೆಯದರಲ್ಲಿ 30, ಮೂರನೆಯದರಲ್ಲಿ 50, ನಾಲ್ಕನೆಯದರಲ್ಲಿ 70. ಪ್ರತಿ ತಾಳಕ್ಕೂ 20 ಸೆಂ.ಮೀ. ಹೆಚ್ಚಾಗುತ್ತಿರುವುದೇ ವೇಗೋತ್ಕರ್ಷ, ಮತ್ತು ಆ ಹೆಚ್ಚಳ ಎಲ್ಲ ತಾಳಕ್ಕೂ ಒಂದೇ ಆಗಿರುವುದರಿಂದ ಅದು ಏಕರೂಪ ವೇಗೋತ್ಕರ್ಷ. ಬಳಿಕ ದಾರಗಳನ್ನು ಬಿಚ್ಚಿ 40, 80, 120, 160 ಸೆಂಟಿಮೀಟರ್‌ಗಳಲ್ಲಿ ಕಟ್ಟಿ ಮತ್ತೊಮ್ಮೆ ಬಿಡಿ. ಈ ಸಲ ಸದ್ದುಗಳು ಒಂದರ ಹಿಂದೊಂದು ನುಗ್ಗಿ ಬರುತ್ತವೆ. ಎರಡೂ ಸಲ ಗೋಲಿ ಮಾಡಿದ ಚಲನೆ ಒಂದೇ, ನಾವು ಅಳೆದ ರೀತಿ ಬೇರೆ. ಗೆಲಿಲಿಯೋ ಹದಿನೇಳನೇ ಶತಮಾನದ ಆರಂಭದಲ್ಲಿ ಇಳಿಜಾರಿನ ಹಲಗೆಗಳನ್ನು ಬಳಸಿ 1, 3, 5, 7 ಎಂಬ ಈ ಸಾಲನ್ನೇ ಕಂಡುಕೊಂಡ. ನೇರವಾಗಿ ಬೀಳುವ ವಸ್ತುವನ್ನು ಅಳೆಯಲು ಅವನ ಕಾಲದ ಗಡಿಯಾರಗಳು ಸಾಲುತ್ತಿರಲಿಲ್ಲವಾದ್ದರಿಂದ ಬೀಳುವಿಕೆಯನ್ನು ಇಳಿಜಾರಿನಿಂದ ನಿಧಾನಗೊಳಿಸಿದ್ದು ಅವನ ಜಾಣ್ಮೆ.

ಇದೇ ಅಂಕಿಗಳನ್ನು ನಕ್ಷೆಯ ಹಾಳೆಯಲ್ಲಿ ಗುರುತಿಸಿದರೆ ದೂರ-ಕಾಲ ನಕ್ಷೆ ಮೇಲಕ್ಕೆ ಬಾಗಿದ ಗೆರೆಯಾಗುತ್ತದೆ, ವೇಗ-ಕಾಲ ನಕ್ಷೆ ನೇರ ಗೆರೆಯಾಗುತ್ತದೆ. ಮೊದಲನೆಯದರಲ್ಲಿ ಗೆರೆಯ ಓರೆ ವೇಗವನ್ನು ತೋರಿಸುತ್ತದೆ. ಎರಡನೆಯದರಲ್ಲಿ ಓರೆ ವೇಗೋತ್ಕರ್ಷವನ್ನೂ ಗೆರೆಯ ಕೆಳಗಿನ ವಿಸ್ತೀರ್ಣ ಸಾಗಿದ ದೂರವನ್ನೂ ತೋರಿಸುತ್ತವೆ.

ಈಗ ಬಲದ ಸರದಿ

ವೇಗೋತ್ಕರ್ಷವನ್ನು ವಿವರಿಸುವಾಗ ಬಲದ ಮಾತನ್ನೇ ಎತ್ತಲಿಲ್ಲ ಎಂಬುದನ್ನು ಗಮನಿಸಿ. ಚಲನೆಯನ್ನು ಪೂರ್ತಿಯಾಗಿ ವರ್ಣಿಸಲು ಬಂದ ಮೇಲೆಯೇ ಅದು ಏಕೆ ಬದಲಾಯಿತು ಎಂದು ಕೇಳಬೇಕು.

ಕೇರಂ ಬೋರ್ಡಿನ ಮೇಲೆ ಪೌಡರ್ ಹಾಕದೆ ಸ್ಟ್ರೈಕರನ್ನು ಬೆರಳಿನಿಂದ ಚಿಮ್ಮಿಸಿ. ಅದು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಪೌಡರ್ ಉದುರಿಸಿ ಅಷ್ಟೇ ಜೋರಾಗಿ ಚಿಮ್ಮಿಸಿದರೆ ಎದುರಿನ ಅಂಚಿಗೆ ಬಡಿದು ಹಿಂದಿರುಗುತ್ತದೆ. ಪೌಡರ್ ಸ್ಟ್ರೈಕರನ್ನು ಮುಂದಕ್ಕೆ ತಳ್ಳಲಿಲ್ಲ, ತಡೆಯುತ್ತಿದ್ದ ಘರ್ಷಣೆಯನ್ನು ಕಡಿಮೆ ಮಾಡಿತು, ಅಷ್ಟೇ. ಘರ್ಷಣೆಯನ್ನು ಇನ್ನೂ ಇನ್ನೂ ಕಡಿಮೆ ಮಾಡುತ್ತ ಹೋಗಿ ಕೊನೆಗೆ ಅದು ಇಲ್ಲವೇ ಇಲ್ಲ ಎಂದು ಊಹಿಸಿಕೊಂಡರೆ, ಸ್ಟ್ರೈಕರ್ ನಿಲ್ಲಲು ಕಾರಣವೇ ಉಳಿಯುವುದಿಲ್ಲ. ಚಲಿಸುತ್ತಿರುವುದು ಹಾಗೆಯೇ ಚಲಿಸುತ್ತಿರಲು ಬಲ ಬೇಕಿಲ್ಲ. ನಿಲ್ಲಿಸಲು ಬೇಕು, ಹೆಚ್ಚಿಸಲು ಬೇಕು, ತಿರುಗಿಸಲು ಬೇಕು. 1687ರಲ್ಲಿ ಪ್ರಕಟವಾದ ನ್ಯೂಟನ್ನನ ಗ್ರಂಥದ ಮೊದಲ ನಿಯಮ ಹೇಳುವುದು ಇದನ್ನೇ, ಮತ್ತು ವಸ್ತುವಿನ ಈ ಹಟಕ್ಕೆ ಜಡತ್ವ ಎಂದು ಹೆಸರು.

ಹಾಗಾದರೆ ತರಕಾರಿಯ ತಳ್ಳುಗಾಡಿಯನ್ನು ತಳ್ಳುವುದನ್ನು ನಿಲ್ಲಿಸಿದ ಕೂಡಲೇ ಅದೇಕೆ ನಿಲ್ಲುತ್ತದೆ ಎಂದು ಮಕ್ಕಳು ಕೇಳಬೇಕು, ಕೇಳುತ್ತಾರೆ ಕೂಡ. ಉತ್ತರವನ್ನು ಅಂಕಿಗಳಲ್ಲೇ ಕೊಡೋಣ. ಸರಕು ಸೇರಿ ಗಾಡಿಯ ರಾಶಿ (ಎಂದರೆ ಅದರ ಜಡತ್ವದ ಅಳತೆ) 100 ಕಿಲೋಗ್ರಾಂ, ಘರ್ಷಣೆ 40 ನ್ಯೂಟನ್ ಇರಲಿ. ಮಾರುವಾತ 120 ನ್ಯೂಟನ್ ಬಲದಿಂದ ತಳ್ಳಿದರೆ ಉಳಿಯುವ ಫಲಿತ ಬಲ 80 ನ್ಯೂಟನ್, ವೇಗೋತ್ಕರ್ಷ 0.8. ಗಾಡಿ ನಡಿಗೆಯ ವೇಗಕ್ಕೆ ಬಂದ ಮೇಲೆ ಅವನು 40 ನ್ಯೂಟನ್‌ನಷ್ಟೇ ತಳ್ಳುತ್ತಾನೆ. ಫಲಿತ ಬಲ ಸೊನ್ನೆ, ವೇಗೋತ್ಕರ್ಷ ಸೊನ್ನೆ, ಆದರೆ ವೇಗ ಸೊನ್ನೆಯಲ್ಲ, ಗಾಡಿ ಒಂದೇ ಸಮನೆ ಸಾಗುತ್ತದೆ. ಕೈ ತೆಗೆದರೆ ಹಿಮ್ಮುಖವಾದ 40 ನ್ಯೂಟನ್ ಮಾತ್ರ ಉಳಿದು ವೇಗ ಸೆಕೆಂಡು ಸೆಕೆಂಡಿಗೆ 0.4ರಂತೆ ಇಳಿಯುತ್ತದೆ. ಎಂದರೆ ಅವನು ತಳ್ಳುತ್ತಲೇ ಇರಬೇಕಾಗಿರುವುದು ಚಲನೆಗಾಗಿ ಅಲ್ಲ, ಘರ್ಷಣೆಗೆ ಎದುರುತ್ತರವಾಗಿ. ಬಲ ಮತ್ತು ವೇಗದ ನಡುವೆ ನೇರ ನಂಟಿಲ್ಲ, ಬಲ ಮತ್ತು ವೇಗೋತ್ಕರ್ಷದ ನಡುವೆ ಇದೆ. ‘ಬಲ = ರಾಶಿ × ವೇಗೋತ್ಕರ್ಷ’ ಎಂಬ ಎರಡನೇ ನಿಯಮದಲ್ಲಿ ಬಲ ಎಂದರೆ ಯಾವುದೋ ಒಂದು ಬಲವಲ್ಲ, ಎಲ್ಲ ಬಲಗಳನ್ನೂ ದಿಕ್ಕಿನೊಂದಿಗೆ ಕೂಡಿಸಿದ ಫಲಿತ ಬಲ ಎಂಬುದನ್ನು ಪುಟದ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ.

ಬಲದ ದಿಕ್ಕು ಚಲನೆಯ ದಿಕ್ಕೇ ಆಗಬೇಕಿಲ್ಲ ಎಂಬುದಕ್ಕೆ ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದ ಉದಾಹರಣೆಯೊಂದಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಸುಮಾರು 30 ಕಿ.ಮೀ. ಎತ್ತರದಿಂದ ಇಳಿಯತೊಡಗಿದಾಗ ಸೆಕೆಂಡಿಗೆ ಸುಮಾರು 1,680 ಮೀಟರ್ ವೇಗದಲ್ಲಿತ್ತು. ಮೊದಲ ಹಂತದ ಸುಮಾರು 690 ಸೆಕೆಂಡುಗಳಲ್ಲಿ ಆ ವೇಗ ಸುಮಾರು 358 ಮೀಟರಿಗೆ ಇಳಿಯಿತು. 358ರಿಂದ 1,680ನ್ನು ಕಳೆದು 690ರಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ ಋಣ 1.9ರಷ್ಟು ಬರುತ್ತದೆ. ಲ್ಯಾಂಡರ್ ಮುಂದಕ್ಕೆ ಓಡುತ್ತಿತ್ತು, ಎಂಜಿನ್ನುಗಳು ಅದನ್ನು ಹಿಂದಕ್ಕೆ ತಳ್ಳುತ್ತಿದ್ದವು. ಹಾಗಿದ್ದರೂ ಅಷ್ಟೂ ಹೊತ್ತು ಅದು ಮುಂದಕ್ಕೇ ಹೋಯಿತು. ಋಣ ಚಿಹ್ನೆಯ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಲೆಕ್ಕ ನನಗೆ ಸಿಕ್ಕಿಲ್ಲ.

ರಸ್ತೆಯ ಲೆಕ್ಕ ಇನ್ನೂ ಹತ್ತಿರದ್ದು. ಬ್ರೇಕ್ ಹಾಕಿದಾಗ ವಾಹನದ ವೇಗ ಸೆಕೆಂಡು ಸೆಕೆಂಡಿಗೆ 5 ಮೀಟರ್‌ನಂತೆ ಇಳಿಯುತ್ತದೆ ಎಂದು ಇಟ್ಟುಕೊಂಡರೆ, ಗಂಟೆಗೆ 36 ಕಿ.ಮೀ. ವೇಗದ ವಾಹನ 10 ಮೀಟರ್ ಸಾಗಿ ನಿಲ್ಲುತ್ತದೆ, 72 ಕಿ.ಮೀ. ವೇಗದ್ದು ನಿಲ್ಲಲು 20 ಅಲ್ಲ, 40 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಕು ಮಡಿಯಾಗುತ್ತದೆ, ಏಕೆಂದರೆ ನಿಲ್ಲಲು ಹಿಡಿಯುವ ಕಾಲವೂ ಎರಡರಷ್ಟು, ಆ ಕಾಲದಲ್ಲಿನ ಸರಾಸರಿ ವೇಗವೂ ಎರಡರಷ್ಟು. ಚಾಲಕ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡು ಹೋದರೆ ಇವಕ್ಕೆ 10 ಮತ್ತು 20 ಮೀಟರ್ ಪ್ರತ್ಯೇಕವಾಗಿ ಸೇರುತ್ತವೆ. ದ್ವಿಚಕ್ರ ವಾಹನ ಕಲಿಯುವ ವಯಸ್ಸಿಗೆ ಬರುತ್ತಿರುವ ಮಕ್ಕಳಿಂದ ಈ ಲೆಕ್ಕವನ್ನು ಕೈಯಾರೆ ಮಾಡಿಸಬೇಕೆಂಬುದು ನನ್ನ ಕಳಕಳಿ.

ಬಲಗಳ ಚಿತ್ರ ಬರೆಯುವ ಬಗೆ

ಬಲದ ಯಾವುದೇ ಲೆಕ್ಕಕ್ಕೆ ಮೊದಲು ಚಿತ್ರ ಬೇಕು. ಲೆಕ್ಕದಲ್ಲಿ ಎಷ್ಟೇ ವಸ್ತುಗಳು ಬಂದಿರಲಿ, ಒಂದೇ ಒಂದು ವಸ್ತುವನ್ನು ಆರಿಸಿಕೊಂಡು ಚುಕ್ಕೆಯಾಗಿಯೋ ಚೌಕವಾಗಿಯೋ ಬರೆಯಿರಿ. ಆಮೇಲೆ ಆ ವಸ್ತುವನ್ನು ಮುಟ್ಟುತ್ತಿರುವುದೇನು ಎಂದು ಸುತ್ತಲೂ ಹುಡುಕಿ: ನೆಲ, ಹಗ್ಗ, ಕೈ, ಗಾಳಿ. ಮುಟ್ಟುವ ಪ್ರತಿಯೊಂದೂ ಒಂದು ಬಲವನ್ನು ಹಾಕಬಲ್ಲದು. ಮುಟ್ಟದೆಯೇ ಎಳೆಯುವ ಭೂಮಿಯನ್ನು ಕೊನೆಯಲ್ಲಿ ಸೇರಿಸಿ. ಅಯಸ್ಕಾಂತ, ವಿದ್ಯುದಾವೇಶಗಳಿದ್ದರೆ ಅವನ್ನೂ ಸೇರಿಸಿ. ಪ್ರತಿ ಬಾಣದ ಪಕ್ಕದಲ್ಲಿ ‘ಯಾವುದು, ಯಾವುದರ ಮೇಲೆ’ ಎಂದು ಬರೆಯುವುದು ಕಡ್ಡಾಯವೆಂದು ಇಟ್ಟುಕೊಳ್ಳಿ. ‘ಭೂಮಿ ಕಲ್ಲಿನ ಮೇಲೆ’ ಎಂದು ಬರೆಯಬಹುದು. ‘ಎಸೆದ ಬಲ’ ಎಂಬ ಬಾಣದ ಪಕ್ಕ ಏನು ಬರೆಯುತ್ತೀರಿ? ಗಾಳಿಯಲ್ಲಿರುವ ಕಲ್ಲನ್ನು ಕೈ ಮುಟ್ಟುತ್ತಿಲ್ಲ. ಬರೆಯಲು ಹೆಸರೇ ಸಿಗದ ಬಾಣವನ್ನು ಅಳಿಸಿಬಿಡಬೇಕು.

ಪ್ರತಿ ಕ್ರಿಯೆಗೂ ಅಷ್ಟೇ ಪ್ರಮಾಣದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎಂಬ ಮೂರನೇ ನಿಯಮದ ಗೊಂದಲವನ್ನು ಪರಿಹರಿಸುವುದೂ ಈ ಬರವಣಿಗೆಯೇ. ಎತ್ತು ಗಾಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆಯೋ ಗಾಡಿಯೂ ಎತ್ತನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ ಎಂದ ಮೇಲೆ ಗಾಡಿ ಮುಂದೆ ಹೋಗುವುದಾದರೂ ಹೇಗೆ? ಕ್ರಿಯೆ ಇರುವುದು ಗಾಡಿಯ ಮೇಲೆ, ಪ್ರತಿಕ್ರಿಯೆ ಇರುವುದು ಎತ್ತಿನ ಮೇಲೆ. ಎರಡು ಬೇರೆ ವಸ್ತುಗಳ ಮೇಲಿರುವ ಬಲಗಳು ಒಂದನ್ನೊಂದು ರದ್ದು ಮಾಡಲಾರವು. ಗಾಡಿಯ ಚಿತ್ರವನ್ನು ಮಾತ್ರ ಬರೆದರೆ, ನೊಗದ ಮೂಲಕ ಬರುವ ಎತ್ತಿನ ಎಳೆತವು ಗಾಲಿಗಳ ಮೇಲಿನ ತಡೆಗಿಂತ ಹೆಚ್ಚಾಗಿರುವಾಗ ಗಾಡಿಯ ವೇಗ ಹೆಚ್ಚುತ್ತದೆ ಎಂಬುದು ಕಾಣುತ್ತದೆ. ಎತ್ತಿನ ಚಿತ್ರವನ್ನು ಮಾತ್ರ ಬರೆದರೆ, ಗೊರಸು ನೆಲವನ್ನು ಹಿಂದಕ್ಕೆ ಒತ್ತಿದ್ದಕ್ಕೆ ಉತ್ತರವಾಗಿ ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತಿರುವುದು ಕಾಣುತ್ತದೆ. ಮಳೆಗಾಲದ ಕೆಸರಿನಲ್ಲಿ ಗೊರಸು ಜಾರಿದಾಗ ಎಷ್ಟೇ ಗಟ್ಟಿಮುಟ್ಟಾದ ಎತ್ತಾದರೂ ಗಾಡಿಯನ್ನು ಕದಲಿಸಲಾರದೇಕೆ ಎಂಬುದಕ್ಕೂ ಕಾರಣ ಇಲ್ಲೇ ಇದೆ: ನೆಲ ತಿರುಗಿ ತಳ್ಳುತ್ತಿಲ್ಲ.

ರಾಶಿ, ತೂಕ ಮತ್ತು ಬೀಳುವ ವಸ್ತು

ಅಂಗಡಿಯ ತೂಕ ಕಿಲೋಗ್ರಾಂನಲ್ಲಿದೆ, ಪಾಠದ ತೂಕ ನ್ಯೂಟನ್‌ನಲ್ಲಿದೆ. ರಾಶಿಯು ವಸ್ತುವಿನ ಜಡತ್ವದ ಅಳತೆ, ತೂಕವು ಭೂಮಿ ಅದನ್ನು ಎಳೆಯುವ ಬಲ. 50 ಕಿಲೋಗ್ರಾಂ ರಾಶಿಯ ವ್ಯಕ್ತಿಯ ತೂಕ ಭೂಮಿಯ ಮೇಲೆ 490 ನ್ಯೂಟನ್. ಲಿಫ್ಟಿನೊಳಗೆ ತೂಕದ ಯಂತ್ರವನ್ನಿಟ್ಟು ಅದರ ಮೇಲೆ ನಿಂತು ನೋಡಿದರೆ ಇಡೀ ಎರಡನೇ ನಿಯಮ ಕಾಲ ಕೆಳಗೆ ಕಾಣುತ್ತದೆ. ಲಿಫ್ಟ್ 1.2 ವೇಗೋತ್ಕರ್ಷದಿಂದ ಮೇಲಕ್ಕೆ ಹೊರಡುವಾಗ ಯಂತ್ರ ಆ ವ್ಯಕ್ತಿಯನ್ನು 550 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತಬೇಕಾಗುತ್ತದೆಯಾದ್ದರಿಂದ ಮುಳ್ಳು 56 ಕಿಲೋವನ್ನು ತೋರಿಸುತ್ತದೆ; ಮಧ್ಯದಲ್ಲಿ ಸಮವೇಗದಿಂದ ಏರುವಾಗ ಮರಳಿ 50ಕ್ಕೆ ಬರುತ್ತದೆ; ಮೇಲಿನ ಮಹಡಿ ಹತ್ತಿರವಾಗಿ ಲಿಫ್ಟ್ ಅದೇ ಪ್ರಮಾಣದಲ್ಲಿ ನಿಧಾನವಾಗುವಾಗ 44ರ ಹತ್ತಿರಕ್ಕೆ ಇಳಿಯುತ್ತದೆ. ಲಿಫ್ಟ್ ಅಷ್ಟೂ ಹೊತ್ತು ಮೇಲಕ್ಕೇ ಹೋಗುತ್ತಿತ್ತು. ಯಂತ್ರದ ಮುಳ್ಳು ವೇಗವನ್ನು ಗಮನಿಸುವುದೇ ಇಲ್ಲ, ವೇಗೋತ್ಕರ್ಷಕ್ಕೆ ಮಾತ್ರ ಓಗೊಡುತ್ತದೆ.

ಭಾರವಾದದ್ದು ಬೇಗ ಬೀಳುತ್ತದೆ ಎಂಬ ಭಾವನೆಗೂ ಇದೇ ನಿಯಮ ಉತ್ತರ ಕೊಡುತ್ತದೆ. ರಾಶಿ ಹತ್ತು ಪಟ್ಟಾದರೆ ಭೂಮಿಯ ಎಳೆತ ಹತ್ತು ಪಟ್ಟಾಗುತ್ತದೆ, ಆದರೆ ಕದಲಿಸಬೇಕಾದ ಜಡತ್ವವೂ ಹತ್ತು ಪಟ್ಟಾಗುತ್ತದೆ. ಹೀಗಾಗಿ ವೇಗೋತ್ಕರ್ಷ ಎರಡಕ್ಕೂ 9.8 ಆಗಿಯೇ ಉಳಿಯುತ್ತದೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಗಾಳಿಯಿರುವಲ್ಲಿ ಎಚ್ಚರ ಬೇಕು. ಜೋಗದ ರಾಜಾ ಧಾರೆಯ ಎತ್ತರ 253 ಮೀಟರ್. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ನೀರು ಸುಮಾರು 7.2 ಸೆಕೆಂಡುಗಳಲ್ಲಿ ಕೆಳಗೆ ತಲುಪಬೇಕು, ಆಗ ಅದರ ವೇಗ ಸೆಕೆಂಡಿಗೆ ಸುಮಾರು 70 ಮೀಟರ್, ಎಂದರೆ ಗಂಟೆಗೆ 250 ಕಿ.ಮೀ.ಗಿಂತ ಹೆಚ್ಚಾಗಬೇಕು. ನಿಜದಲ್ಲಿ ಧಾರೆ ಒಡೆದು ಹನಿಗಳಾಗಿ, ಮಂಜಿನಂತೆ ಹರಡುತ್ತದೆ. ಸಣ್ಣ ಹನಿಯ ಮೇಲೆ ಗಾಳಿಯ ತಡೆ ಬಹುಬೇಗ ತೂಕಕ್ಕೆ ಸಮನಾಗಿ, ಫಲಿತ ಬಲ ಸೊನ್ನೆಯಾಗಿ, ಹನಿ ಅಲ್ಲಿಂದಾಚೆಗೆ ಸಮವೇಗದಿಂದ ಇಳಿಯುತ್ತದೆ. ಮಳೆಹನಿ ನಮ್ಮ ತಲೆಗೆ ಗುಂಡಿನಂತೆ ಬಡಿಯದಿರುವುದೂ ಇದರಿಂದಲೇ. ಸೂತ್ರ ತಪ್ಪಲಿಲ್ಲ, ನಾವು ಬಿಟ್ಟ ಬಲವೊಂದು ಬಿಡಬಾರದಷ್ಟು ದೊಡ್ಡದಾಗಿತ್ತು.

ಈಗ ಮೊದಲಿನ ಕಲ್ಲಿಗೆ ಮರಳಿ, ಈ ಲೆಕ್ಕವನ್ನು ನೀವೇ ಪುಸ್ತಕದಲ್ಲಿ ಬರೆಯಿರಿ. ಮೇಲ್ಮುಖ ದಿಕ್ಕು ಧನ ಎಂದು ಪುಟದ ಆರಂಭದಲ್ಲೇ ಗುರುತಿಸಿ, ಕೊನೆಯವರೆಗೆ ಅದನ್ನು ಬದಲಿಸಬೇಡಿ. ಕಲ್ಲನ್ನು ಸೆಕೆಂಡಿಗೆ 19.6 ಮೀಟರ್ ವೇಗದಿಂದ ಎಸೆಯಲಾಗಿದೆ. ಒಂದು ಸೆಕೆಂಡಿನ ನಂತರ ಅದರ ವೇಗ 9.8, ಎರಡರ ನಂತರ ಸೊನ್ನೆ, ಮೂರರ ನಂತರ ಋಣ 9.8, ನಾಲ್ಕರ ನಂತರ ಋಣ 19.6, ಮತ್ತು ಆಗ ಅದು ಕೈಗೆ ಮರಳಿದೆ. ಪಕ್ಕಪಕ್ಕದ ಎರಡು ವೇಗಗಳ ವ್ಯತ್ಯಾಸವನ್ನು ಪ್ರತಿ ಜೋಡಿಗೂ ಬರೆಯುತ್ತ ಬಂದರೆ ನಾಲ್ಕು ಸಲವೂ ಋಣ 9.8 ಸಿಗುತ್ತದೆ. ಕಲ್ಲು ತುತ್ತತುದಿಯಲ್ಲಿ, ನೆಲದಿಂದ ಸುಮಾರು ಆರು ಮಹಡಿಯ ಎತ್ತರದಲ್ಲಿ, ವೇಗವಿಲ್ಲದೆ ಇರುವ ಆ ಒಂದು ಕ್ಷಣದಲ್ಲೂ ಭೂಮಿಯ ಎಳೆತ ಕಿಂಚಿತ್ತೂ ಬಿಡುವು ಕೊಟ್ಟಿರುವುದಿಲ್ಲ. ವೇಗೋತ್ಕರ್ಷ ಅಲ್ಲಿಯೂ ಕೆಳಮುಖವಾಗಿ 9.8 ಆಗಿಯೇ ಇರುತ್ತದೆ.